ಐಇಇಇಯ ಪಿಎಆರ್ ನಮೂನೆ: ಬೇಲಿ ಎಲ್ಲಿ ಹಾಕಬೇಕು?

ಶಿಕ್ಷಣ ತಂತ್ರಜ್ಞಾನಕ್ಕೆ ಐಇಇಇ (ತಾಂತ್ರಿಕ ಮಾನದಂಡಗಳನ್ನು ಪ್ರಕಟಿಸುವ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ) ಮೂಲಕ ಮಾನದಂಡ ರೂಪಿಸಬೇಕೆಂದರೆ ಮೊದಲು ಪಿಎಆರ್, ಅಂದರೆ ಯೋಜನೆಗೆ ಒಪ್ಪಿಗೆ ಕೋರುವ ಅರ್ಜಿ, ಸಲ್ಲಿಸಬೇಕು. ಐಇಇಇಯ ಮೈಪ್ರಾಜೆಕ್ಟ್ ಜಾಲತಾಣದಲ್ಲಿ ತುಂಬುವ ಈ ನಮೂನೆಯಲ್ಲಿ ಸಮಿತಿ, ದಿನಾಂಕಗಳ ಕಲಂಗಳು ಬೇಗ ಮುಗಿಯುತ್ತವೆ. ಯೋಜನೆಯ ಹಣೆಬರಹ ಬರೆಯುವುದು ಮೂರೇ ಕಲಂ: 5.2 ವ್ಯಾಪ್ತಿ, 5.4 ಉದ್ದೇಶ, 5.5 ಅಗತ್ಯ.

ಇವನ್ನು ಬೇರೆಬೇರೆ ಇಟ್ಟಿರುವುದೇ ನಮೂನೆಯ ದೊಡ್ಡ ಗುಣ. ಮಾನದಂಡ ಏನನ್ನು ನಿಗದಿ ಮಾಡುತ್ತದೆ ಎಂಬುದು ವ್ಯಾಪ್ತಿ. ಅದರಿಂದ ಯಾರಿಗೆ ಏನು ಉಪಯೋಗ ಎಂಬುದು ಉದ್ದೇಶ. ಈ ಕೆಲಸ ಈಗ ಯಾಕೆ ಆಗಬೇಕು ಎಂಬುದು ಅಗತ್ಯ. "ಕಲಿಕೆಯ ಗುಣಮಟ್ಟ ಹೆಚ್ಚಿಸುವುದು" ಎಂದು ವ್ಯಾಪ್ತಿಯಲ್ಲಿ ಬರೆದರೆ ಕೆಟ್ಟಿತು. ಒಂದು ತಂತ್ರಾಂಶ ಅದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? "ಪರೀಕ್ಷೆಯ ಅಂಕಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಕಳಿಸುವಾಗ ಬಳಸಬೇಕಾದ ದತ್ತಾಂಶ ರಚನೆಯನ್ನು ಈ ಮಾನದಂಡ ನಿಗದಿ ಮಾಡುತ್ತದೆ" ಎಂಬ ವಾಕ್ಯವನ್ನು ಪರೀಕ್ಷಿಸಬಹುದು. ಈ ಮಾತು ಮುಂದೆ ಮಾನದಂಡದ ಮೊದಲ ಅಧ್ಯಾಯಕ್ಕೇ ಹೋಗುತ್ತದೆ. ಹಾಗಾಗಿ ವರ್ತಮಾನ ಕಾಲದಲ್ಲಿ, ಪೂರ್ಣ ವಾಕ್ಯದಲ್ಲಿ ಬರೆಯಿರಿ. "ತಂಡವು ಅಧ್ಯಯನ ಮಾಡಲಿದೆ" ಎಂಬಂಥದ್ದು ಇಲ್ಲಿ ನಡೆಯದು.

ಕೊರತೆಯೂ ಇದೆ, ಸಣ್ಣದಲ್ಲ. "ಯಾವುದು ಹೊರಗೆ?" ಎಂದು ಕೇಳುವ ಕಲಂ ಇಲ್ಲ. ಅದನ್ನು ನೀವೇ ವ್ಯಾಪ್ತಿಯೊಳಗೆ ಸೇರಿಸಬೇಕು: ಅಂಕ ಕೊಡುವ ವಿಧಾನ, ಲಾಗಿನ್, ದತ್ತಾಂಶ ಸಂಗ್ರಹ ಇದರಲ್ಲಿಲ್ಲ ಎಂದು ಬಿಡಿಸಿ ಹೇಳಿ.

ಕಲಿಕಾ ಸಾಮಗ್ರಿಯ ವಿವರ ದಾಖಲಿಸುವ ಐಇಇಇಯ 2002ರ 1484.12.1 ಮಾನದಂಡ ನೋಡಿ. ವ್ಯಾಪ್ತಿಯ ಬೇಲಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ. ಪರಿಕಲ್ಪನೆಯ ಮಟ್ಟದ ದತ್ತಾಂಶ ಚೌಕಟ್ಟನ್ನಷ್ಟೇ ಹಿಡಿದು, ಅದನ್ನು ಎಕ್ಸ್‌ಎಂಎಲ್ ಎಂಬ ಗಣಕ ಭಾಷೆಯಲ್ಲಿ ಬರೆಯುವ ಕ್ರಮವನ್ನು ಇನ್ನೊಂದು ಮಾನದಂಡವಾದ 1484.12.3ಕ್ಕೆ ಬಿಟ್ಟದ್ದು ಒಳ್ಳೆಯ ವಿಭಜನೆ. ಆದರೆ ಕಲಿಕೆಗೆ ಬಳಸಬಹುದಾದ ಯಾವುದೇ ವಸ್ತು, ಡಿಜಿಟಲ್ ಇರಲಿ ಇಲ್ಲದಿರಲಿ, ಕಲಿಕಾ ಸಾಮಗ್ರಿಯೇ ಎಂದು ವ್ಯಾಖ್ಯಾನಿಸಿದ್ದರಿಂದ ಸೀಮೆಸುಣ್ಣವೂ ಒಳಗೆ ಬಂತು!

ಬೇಲಿ ತಪ್ಪಿದರೆ ದುಬಾರಿಯಾಗುವುದು ಸಮಯ. ಪಿಎಆರ್‌ಗೆ ಒಪ್ಪಿಗೆ ಸಿಕ್ಕ ವರ್ಷದ ನಂತರದ ನಾಲ್ಕನೇ ವರ್ಷದ ಡಿಸೆಂಬರ್ 31ಕ್ಕೆ ಅವಧಿ ಮುಗಿಯುತ್ತದೆ. ಮಾನದಂಡದ ಕರಡು, ಒಪ್ಪಿಗೆ ಪಡೆದ ವ್ಯಾಪ್ತಿಯನ್ನು ಮೀರಿ ಬೆಳೆದರೆ ತಿದ್ದುಪಡಿ ಅರ್ಜಿ ಹಾಕಬೇಕು, ಅದು ಮತ್ತೆ ಇಂಥ ಅರ್ಜಿಗಳನ್ನು ಪರಿಶೀಲಿಸುವ ನೆಸ್‌ಕಾಮ್ ಸಮಿತಿಯ ಮುಂದೆ ಹೋಗಬೇಕು. ಆದ್ದರಿಂದ ಸಲ್ಲಿಸುವ ಮೊದಲೇ ಕರಡಿನ ಅಧ್ಯಾಯಗಳ ಪಟ್ಟಿ ಮಾಡಿ, ಒಂದೊಂದನ್ನೂ ವ್ಯಾಪ್ತಿಯ ವಾಕ್ಯಕ್ಕೆ ಒರೆಹಚ್ಚಿ. ಹೊಂದದ ಅಧ್ಯಾಯವನ್ನು ಬಿಡಿ, ಇಲ್ಲವೇ ವಾಕ್ಯವನ್ನು ತಿದ್ದಿ.

5.4ರಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ಪ್ರಕಟವಾಗುವ ದಾಖಲೆಯಲ್ಲಿ ಉದ್ದೇಶದ ಭಾಗ ಇರುತ್ತದೆಯೇ? "ಇಲ್ಲ" ಎನ್ನಲು ಅವಕಾಶವಿದೆ. ಶಿಕ್ಷಣದ ಮಾನದಂಡಕ್ಕೆ "ಹೌದು" ಎಂದೇ ಕೊಡಿ. ವ್ಯಾಪ್ತಿಯ ತಾಂತ್ರಿಕ ಭಾಷೆ ಬಿಡಿಸಲಾಗದ ಶಿಕ್ಷಕರಿಗೂ ತಂತ್ರಾಂಶ ಖರೀದಿಸುವ ಕಚೇರಿಯವರಿಗೂ ಒಳಬರಲು ಇರುವ ಬಾಗಿಲು ಅದೇ.