ಮನಸ್ಸಲ್ಲಿರೋದನ್ನ ಬಿಡಿಸೋಕೆ ಆಯಿಲ್ಲಾ, ಅಕ್ರಿಲಿಕ್ಕಾ, ವಾಟರ್ ಕಲರಾ?

ದುಃಖ, ಸಿಟ್ಟು, ಒಂಟಿತನ ಇಂಥದ್ನೆಲ್ಲ ಪೇಂಟ್ ಮಾಡ್ಬೇಕು, ಯಾವ ಬಣ್ಣ ತಗೊಳ್ಲಿ ಅಂತ ಕೇಳಿದ್ರಲ್ಲ, ನಾನು ಮೂರೂ ಬಳಸಿದೀನಿ. ಮೊದ್ಲು ನೋಡ್ಬೇಕಾಗಿರೋದು ಒಣಗೋ ಟೈಮು, ಯಾಕಂದ್ರೆ ಭಾವನೆಗೂ ಅದ್ರದ್ದೇ ಒಂದು ವೇಗ ಇರತ್ತೆ. ಅಕ್ರಿಲಿಕ್ ತೆಳುವಾಗಿ ಹಚ್ಚಿದ್ರೆ 10-20 ನಿಮಿಷಕ್ಕೆ ಒಣಗತ್ತೆ, ಸಿಟ್ಟಲ್ಲಿದ್ದಾಗ ಒಂದ್ರ ಮೇಲೊಂದು ಪದರ ಹಾಕ್ತಾನೇ ಹೋಗ್ಬಹುದು, ಕೆಳಗಿನ ಬಣ್ಣ ಕಲಸಿಹೋಗಲ್ಲ. ಆಯಿಲ್ ದಿನಗಟ್ಟಲೆ ಹಸಿಯಾಗೇ ಇರತ್ತೆ, ಹಾಗಾಗಿ ಒಂದು ಮುಖದಲ್ಲಿರೋ ನೋವನ್ನ ನಾಳೆ ಬಂದು ಮತ್ತೆ ತಿದ್ದಬಹುದು, ನೆರಳಿಂದ ಬೆಳಕಿಗೆ ಮೆಲ್ಲಗೆ ಕರಗಿಸ್ಬಹುದು, ಆ ಮೃದುತನ ಅಕ್ರಿಲಿಕ್‌ನಲ್ಲಿ ನಂಗೆ ಇನ್ನೂ ಸಿಕ್ಕಿಲ್ಲ. ವಾಟರ್ ಕಲರ್ ಒದ್ದೆ ಪೇಪರ್ ಮೇಲೆ ತಾನಾಗೇ ಹರಡತ್ತೆ, ಪೂರ್ತಿ ಹಿಡಿತ ಸಿಗಲ್ಲ, ಹಳೇ ನೆನಪಿನ ಥರದ್ದಕ್ಕೆ ಅದೇ ಚೆಂದ, ಆದ್ರೆ ತಪ್ಪಾದ್ರೆ ಮುಚ್ಚೋದು ಕಷ್ಟ.

ಖರ್ಚು ಸಾಮಾನ್ಯವಾಗಿ ಆಯಿಲ್‌ಗೇ ಜಾಸ್ತಿ, ಆ ಬಣ್ಣ ತೆಳು ಮಾಡೋಕೆ ಘಾಟು ವಾಸನೆಯ ಟರ್ಪೆಂಟೈನ್ ಬಳಸೋದಾದ್ರೆ ಕಿಟಕಿ ತೆಗ್ದಿರ್ಬೇಕು. ಬಾಳಿಕೆ ಬಗ್ಗೆ ಹೇಳೋದಾದ್ರೆ ವಾಟರ್ ಕಲರ್‌ಗೆ ಗ್ಲಾಸ್ ಫ್ರೇಮ್ ಹಾಕಿಸಿ ಬಿಸಿಲಿಂದ ದೂರ ಇಡಿ, ಇಲ್ಲಾಂದ್ರೆ ಮಾಸತ್ತೆ.

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗೋರಿಗೆ, ಈಗಷ್ಟೇ ಶುರು ಮಾಡೋರಿಗೆ ಅಕ್ರಿಲಿಕ್ ಸರಿಹೋಗತ್ತೆ. ಒಂದೇ ಭಾವವನ್ನ ವಾರಗಟ್ಟಲೆ ಹಿಡ್ಕೊಂಡು ಕೂರೋ ತಾಳ್ಮೆ, ಜಾಗ ಎರಡೂ ಇದ್ರೆ ಆಯಿಲ್‌ಗೆ ಹೋಗಿ. ಡೈರಿ ಬರೆಯೋ ಹಾಗೆ ಆವತ್ತಿನ ಮನಸ್ಸನ್ನ ಆವತ್ತೇ ಬಿಡಿಸಿಡ್ಬೇಕು ಅಂದ್ರೆ ಒಂದು ಪುಟ್ಟ ವಾಟರ್ ಕಲರ್ ಬಾಕ್ಸ್ ಸಾಕು, ಬ್ಯಾಗಲ್ಲೇ ಇಟ್ಕೊಂಡಿರ್ಬಹುದು.