ಉದ್ಯಮಬಾಗದ ನಿಟಿನಾಲ್ ತಂತಿ: ಎಎಫ್ ಕೇಳಿಯೇ ಕೊಳ್ಳಿ

ಬೆಳಗಾವಿಯ ಉದ್ಯಮಬಾಗದ ಅಂಗಡಿಯೊಂದರಲ್ಲಿ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗಳಿಗೆಂದು ಮೂರು ನಮೂನೆಯ ನಿಟಿನಾಲ್ (ಬಗ್ಗಿಸಿದರೂ ಬಿಸಿ ಮಾಡಿದಾಗ ಹಳೆಯ ಆಕಾರಕ್ಕೆ ಮರಳುವ ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿಯನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಮಾಲು ಚೆನ್ನಾಗಿದೆ, ತಕರಾರು ಚೀಟಿಯದ್ದು. ಮೂರಕ್ಕೂ 'ನಿಟಿನಾಲ್, 0.5 ಮಿ.ಮೀ.' ಎಂದಷ್ಟೇ ಬರೆದಿದ್ದಾರೆ. ಎಎಫ್, ಅಂದರೆ ಬಿಸಿ ಮಾಡಿದಾಗ ಆಕಾರ ಪೂರ್ತಿ ಮರಳುವ ತಾಪಮಾನ, ಎಲ್ಲೂ ಇಲ್ಲ.

ಮೊದಲ ಸುರುಳಿಯಲ್ಲಿ ನಿಕಲ್ ಮತ್ತು ಟೈಟಾನಿಯಂ ಪರಮಾಣು ಲೆಕ್ಕದಲ್ಲಿ ಸುಮಾರು ಸಮಸಮ. ತೂಕದಲ್ಲಿ ಹೇಳಿದರೆ 55-45. ಇದರ ಎಎಫ್ 100 ಡಿಗ್ರಿ ದಾಟುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಬಗ್ಗಿಸಿ ಕುದಿಯುವ ನೀರಿಗೆ ಹಾಕಿದ ತಂತಿ ಅರ್ಧ ನೇರವಾಗಿ ನಿಂತುಬಿಡುತ್ತದೆ, ಗಿರಾಕಿ ಡೂಪ್ಲಿಕೇಟ್ ಮಾಲು ಅಂದುಕೊಳ್ಳುತ್ತಾನೆ. ತಂತಿಯದೇನೂ ತಪ್ಪಿಲ್ಲ; 120 ಡಿಗ್ರಿಯ ಎಣ್ಣೆಯಲ್ಲಿ ನೋಡಬೇಕು.

ಎರಡನೆಯದು ಸಾಕಷ್ಟು ಬಗ್ಗಿಸಿದರೂ ಸ್ಪ್ರಿಂಗಿನಂತೆ ಜಿಗಿದು ವಾಪಸಾಗುತ್ತದೆ. ಇದರಲ್ಲಿ ನಿಕಲ್ ಸುಮಾರು 50.8 ಪರಮಾಣು ಶೇಕಡಾ, ತೂಕದಲ್ಲಿ 55.9ರ ಆಸುಪಾಸು. ವ್ಯತ್ಯಾಸ ಇಷ್ಟೇ ಸಾಕು: ನಿಕಲ್ 0.1 ಪರಮಾಣು ಶೇಕಡಾ ಏರಿದರೆ ಎಎಫ್ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ, ಇಲ್ಲಿ ಕೋಣೆಯ ತಾಪಮಾನಕ್ಕಿಂತ ಕೆಳಗೇ ಬಂದಿದೆ. ಮೂರರಲ್ಲಿ ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು, ಆದರೆ ಬೇಕಾದ ಆಕಾರ ಕೂರಿಸಲು ಹೋಗಿ ಭಟ್ಟಿಯಲ್ಲಿ ಕೆಡಿಸುವವರೇ ಹೆಚ್ಚು. ಫಿಕ್ಸ್ಚರ್‌ಗೆ ಬಿಗಿದು 500 ಡಿಗ್ರಿಯಲ್ಲಿ ಸುಮಾರು ಹತ್ತು ನಿಮಿಷ ಇಟ್ಟು, ತಕ್ಷಣ ನೀರಿಗೆ ಹಾಕಬೇಕು. 400-450 ಡಿಗ್ರಿಯಲ್ಲಿ ತಾಸುಗಟ್ಟಲೆ ಬಿಟ್ಟರೆ ನಿಕಲ್ ಬೇರೆಯಾಗಿ Ni₄Ti₃ ಕಣಗಳಾಗಿ ಕೂರುತ್ತದೆ. ಉಳಿದ ಲೋಹದಲ್ಲಿ ನಿಕಲ್ ತಗ್ಗಿ ಎಎಫ್ ಮೇಲೇರುತ್ತದೆ. ಕೋಣೆಯ ತಾಪಮಾನದಲ್ಲಿ ಇದ್ದ ಪುಟಿತ ಹೋಗುತ್ತದೆ.

ಊರಲ್ಲಿ ಇಷ್ಟು ಫೌಂಡ್ರಿಗಳಿರುವಾಗ ನಾವೇ ಕರಗಿಸಿ ಎರಕ ಹೊಯ್ಯೋಣ ಎನ್ನುವವರೂ ಇದ್ದಾರೆ. ಬೇಡ. ಗ್ರಾಫೈಟ್ ಮೂಸೆಯ ಇಂಗಾಲವೂ ಗಾಳಿಯ ಆಮ್ಲಜನಕವೂ ಟೈಟಾನಿಯಂ ಅನ್ನು ಕಬಳಿಸುತ್ತವೆ. ನಿಕಲ್ ಪಾಲು ತಾನಾಗಿ ಏರಿ ಲೆಕ್ಕವೆಲ್ಲ ತಲೆಕೆಳಗು. ಇದು ನಿರ್ವಾತ ಭಟ್ಟಿಯ ಕೆಲಸ.

ಮೂರನೆಯದು ತಾಮ್ರ ಬೆರೆಸಿದ್ದು. ರೋಬೋಟ್ ಬೆರಳು, ವಾಲ್ವ್, ಲಾಕ್ ಎಳೆಯುವಂಥ ಕೆಲಸಕ್ಕೆ ಇದೇ ಸರಿ. ನಿಕಲ್ ಜಾಗದಲ್ಲಿ 5ರಿಂದ 10 ಶೇಕಡಾ ತಾಮ್ರ ಕೂಡಿಸಿದರೆ ಬಿಸಿಯಾಗುವಾಗ ಮತ್ತು ತಣಿಯುವಾಗ ಬದಲಾಗುವ ತಾಪಮಾನಗಳ ಅಂತರ ಸುಮಾರು 30 ಡಿಗ್ರಿಯಿಂದ 10-15ಕ್ಕೆ ಇಳಿಯುತ್ತದೆ. ಸ್ವಲ್ಪ ತಣಿದರೂ ಸಾಕು, ತಂತಿ ಮತ್ತೆ ಸಡಿಲಾಗುತ್ತದೆ; ಎಳೆ-ಬಿಡು ಬೇಗ ನಡೆಯುತ್ತದೆ. ತಾಮ್ರ 10 ದಾಟಿದರೆ ತಂತಿ ಎಳೆಯುವಾಗಲೇ ಬಿರುಕು. ದಂತವೈದ್ಯರು ಹಲ್ಲಿಗೆ ಕಟ್ಟುವ ತಾಮ್ರ-ನಿಟಿನಾಲ್ ತಂತಿ 27, 35, 40 ಡಿಗ್ರಿ ಎಂದು ಬೇರೆಬೇರೆಯಾಗಿ ಸಿಗುತ್ತದೆ. ಚೀಟಿ ಇರಬೇಕಾದದ್ದು ಹೀಗೆ.

ಇಲ್ಲಿ ಸಿಗದೆ ಇರುವುದು ನಿಯೋಬಿಯಂ ಬಗೆ. 9 ಶೇಕಡಾ ನಿಯೋಬಿಯಂ ಅದೇ ಅಂತರವನ್ನು ಅಗಲಿಸುತ್ತದೆ, ಆದ್ದರಿಂದ ಹಿಗ್ಗಿಸಿಟ್ಟ, ಬಿಸಿಯಾದಾಗ ಕುಗ್ಗಿ ಪೈಪನ್ನು ಬಿಗಿಹಿಡಿಯುವ ಕಪ್ಲಿಂಗನ್ನು ಮಾಮೂಲಿ ಕಪಾಟಿನಲ್ಲೇ ಇಡಬಹುದು. ಕಬ್ಬಿಣ ಬೆರೆಸಿದ ಹಳೆಯ ಕಪ್ಲಿಂಗ್‌ಗಳನ್ನು ದ್ರವ ನೈಟ್ರೋಜನ್‌ನಲ್ಲಿ ಇಡಬೇಕಿತ್ತು. ಹೈಡ್ರಾಲಿಕ್ಸ್ ಕೆಲಸದವರು ತರಿಸಿ ಎಂದು ಹಟ ಹಿಡಿಯಬೇಕು. ಹಾಫ್ನಿಯಂ, ಜಿರ್ಕೋನಿಯಂ ಎಎಫ್ ಅನ್ನು 100ರಿಂದ ಬಹಳ ಮೇಲಕ್ಕೆ ಒಯ್ಯುತ್ತವೆ, ಜೊತೆಗೆ ಲೋಹವನ್ನು ಪೆಡಸಾಗಿಸುತ್ತವೆ. ಪಲ್ಲಾಡಿಯಂ ಕೂಡ ಏರಿಸುತ್ತದೆ, ಬೆಲೆ ಮಾತಾಡುವಂತಿಲ್ಲ.

ಕೊಳ್ಳುವ ಮುಂಚೆ ಒಂದು ಗೇಣು ತುಂಡು ಕೇಳಿ. ಐಸ್ ನೀರಿನಲ್ಲಿ ಪೆನ್ಸಿಲ್‌ಗೆ ಸುತ್ತಿ ಬಿಡಿ. ಅಲ್ಲೇ ಬಿಚ್ಚಿಕೊಂಡರೆ ಎರಡನೆಯ ಜಾತಿ. ಸುತ್ತಿದಂತೆಯೇ ನಿಂತರೆ ಥರ್ಮಾಮೀಟರ್ ಇಟ್ಟು ನಿಧಾನ ಕಾಯಿಸಿ, ಪೂರ್ತಿ ನೇರವಾದ ಡಿಗ್ರಿ ಬರೆದಿಡಿ. ಅಂಗಡಿಯವರು ಜೊತೆಗೆ ಮಾರುವ ಸೋಲ್ಡರ್ ಬಿಟ್ಟುಬಿಡಿ. ಮೇಲಿನ ಆಕ್ಸೈಡ್ ಪದರಕ್ಕೆ ಅದು ಅಂಟುವುದಿಲ್ಲ. ಸಣ್ಣ ಹಿತ್ತಾಳೆ ಕೊಳವೆ ಹಾಕಿ ಕ್ರಿಂಪ್ ಮಾಡಿ.