ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಪೋರ್ಟಲ್: ಹಾಸನದಿಂದ ಒಂದು ವಿಮರ್ಶೆ

ಹಾಸನದಲ್ಲಿ ಪದವಿ ಓದುತ್ತಿರುವ ಆಲೂರು, ಸಕಲೇಶಪುರದ ಕಡೆಯ ಮಕ್ಕಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಅರ್ಜಿ ತುಂಬಲು ಕೆಲವು ವರ್ಷಗಳಿಂದ ನೆರವಾಗುತ್ತಿದ್ದೇನೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳ ಯೋಜನೆಗಳು ಒಂದೇ ಕಡೆ ಸಿಗುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯಿಂದಲೇ ವಿವರ ಪರಿಶೀಲನೆಯಾಗುವುದು, ಹಣ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಜಮೆಯಾಗುವುದು ಇದರ ದೊಡ್ಡ ಗುಣ.

ಹಣ ಜಮೆಯಾದ ಮೇಲೆ ಓದು ಮುಂದುವರಿಯಿತೇ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಊಟ ಮತ್ತು ವಸತಿಗೆಂದು ವಿದ್ಯಾಸಿರಿ ಎಂಬ ಯೋಜನೆಯಲ್ಲಿ ಆರಂಭಕ್ಕೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಗೊತ್ತುಮಾಡಿದ ಹಣ, ಕೋಣೆಯ ಬಾಡಿಗೆ ಕಟ್ಟುವ ಹೊತ್ತಿಗೆ ಕೈಸೇರುವುದಕ್ಕೂ ಪರೀಕ್ಷೆ ಮುಗಿದ ಮೇಲೆ ಸೇರುವುದಕ್ಕೂ ಬಹಳ ವ್ಯತ್ಯಾಸವಿದೆ. ಪಾವತಿಯ ವಿವರ ಈ ಪೋರ್ಟಲ್‌ನಲ್ಲಿದೆ. ಪ್ರವೇಶ ಮತ್ತು ಫಲಿತಾಂಶದ ದಾಖಲೆ ವಿಶ್ವವಿದ್ಯಾಲಯಗಳು ಬಳಸುವ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಹೆಸರು, ಆಧಾರ್ ತೆಗೆದು ಇವೆರಡನ್ನೂ ಜೋಡಿಸಿ ನೋಡಬೇಕು. ನೆರವು ಪಡೆದವರನ್ನು ಪಡೆಯದ ಎಲ್ಲರೊಡನೆ ಹೋಲಿಸುವುದು ಸರಿಯಲ್ಲ, ಏಕೆಂದರೆ ಪಡೆದವರ ಮನೆಯ ಕಷ್ಟವೇ ಹೆಚ್ಚಿನದು. ನೆರವಿಗೆ ಗೊತ್ತುಮಾಡಿದ ಆದಾಯ ಮಿತಿಗಿಂತ ಸ್ವಲ್ಪ ಕೆಳಗಿರುವವರನ್ನು ಸ್ವಲ್ಪವೇ ಮೇಲಿರುವವರೊಡನೆ ಹೋಲಿಸಿದರೆ ಸಿಗುವ ಉತ್ತರ ನಂಬುವಂತಿರುತ್ತದೆ. ಇಬ್ಬರು ಮೂವರಷ್ಟೇ ಇರುವ ಗುಂಪಿನ ಅಂಕಿಗಳನ್ನು ಮಾತ್ರ ಪ್ರಕಟಿಸಬಾರದು. ಅವರು ಯಾರೆಂದು ಊರಿಗೇ ತಿಳಿದುಬಿಡುತ್ತದೆ.

ಕಾಫಿ ತೋಟದ ಕಾರ್ಮಿಕರ ಮಗಳೊಬ್ಬಳು, ಖಾತೆಗೆ ಆಧಾರ್ ಜೋಡಣೆಯಾಗದ ಕಾರಣ, ಇಡೀ ಸೆಮಿಸ್ಟರ್ ಹಣಕ್ಕಾಗಿ ಕಾದದ್ದನ್ನು ಕಂಡಿದ್ದೇನೆ. ಅವಳ ಅರ್ಜಿಯಾದರೂ ದಾಖಲೆಯಲ್ಲಿದೆ. ಅರ್ಜಿಯನ್ನೇ ಹಾಕದವರು ಈ ಪೋರ್ಟಲ್‌ನಲ್ಲಿ ಕಾಣುವುದೇ ಇಲ್ಲ. ಅವರನ್ನು ಕಾಲೇಜಿನ ಪ್ರವೇಶ ಪಟ್ಟಿಯಿಂದಲೇ ಹುಡುಕಿ ತೆಗೆಯಬೇಕು.